ಅತ್ತೆಯವರ ಕಿವಿಯೂ ತಮ್ಮ ‘ರದ್ದು’ ಗುಂಡಿಯೂ

ಶ್ರವಣ ಸಾಧನದ ಸೆಟ್ಟಿಂಗ್ಸ್ ಕಿಟಕಿಯನ್ನು ರೂಪಿಸಿದ ಮಹನೀಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಒಬ್ಬರೋ ಹತ್ತು ಮಂದಿಯೋ ತಿಳಿಯದ ಕಾರಣ ಎಲ್ಲರಿಗೂ ಸೇರಿಸಿ ಒಂದೇ ದೊಡ್ಡ ನಮಸ್ಕಾರ ಸಲ್ಲಿಸುತ್ತಿದ್ದೇನೆ, ದಯವಿಟ್ಟು ಹಂಚಿಕೊಳ್ಳಬೇಕು. ಕಿಟಕಿಯನ್ನು ನೋಡಿದರೆ ತಾವು ಹತ್ತು ಮಂದಿ ಇದ್ದೀರೆಂದೂ, ಕೆಲಸ ನಡೆದಷ್ಟು ದಿನವೂ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಿರೆಂದೂ ಅನಿಸುತ್ತದೆ. ತಮ್ಮ ಆರೋಗ್ಯ, ತಮ್ಮ ಕಂಪನಿಯ ಆರೋಗ್ಯ, ಕಂಪನಿಯ ಕಂಪ್ಯೂಟರುಗಳ ಆರೋಗ್ಯ ಎಲ್ಲವೂ ಚೆನ್ನಾಗಿದೆಯೆಂದು ನಂಬಿ ನನ್ನ ಅಹವಾಲನ್ನು ಬಿನ್ನವಿಸಿಕೊಳ್ಳುತ್ತೇನೆ.

ನಾನು ದರ್ಜಿ. ಒಂದು ಕಟ್ಟಡದ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆಗೆ ಬಡಿಯುವಂಥ ಅಂಗಡಿ ನನ್ನದು. ಎರಡು ಹೊಲಿಗೆ ಯಂತ್ರ, ಒಂದು ಉದ್ದ ಕನ್ನಡಿ, ಟ್ರಯಲ್ ನೋಡುವವರಿಗೆ ಒಂದು ಪರದೆ, ಬಾಗಿಲ ಬಳಿಯ ಬೆಳಕಿನಲ್ಲಿ ಒಂದು ಕುರ್ಚಿ. ಆ ಕುರ್ಚಿಯಲ್ಲಿ ನನ್ನ ಹೆಂಡತಿಯ ತಾಯಿ, ಅಂದರೆ ನನ್ನ ಅತ್ತೆಯವರು, ಹದಿನಾಲ್ಕು ವರ್ಷದಿಂದ ಕುಳಿತು ಪ್ಯಾಂಟುಗಳ ತುದಿ ಮಡಿಚಿ ಕೈಹೊಲಿಗೆ ಹಾಕುತ್ತಾರೆ. ನಾಲ್ಕು ವರ್ಷದಿಂದ ಅವರಿಗೆ ಕಣ್ಣು ಮಂಜು, ಕೈ ನಡುಕ, ಕಿವಿಯಂತೂ ಗುಡುಗಿದರೆ ಮಾತ್ರ ತಿರುಗಿ ನೋಡುವಷ್ಟು. ಹೀಗಾಗಿ ಅವರು ಹೊಲಿದದ್ದನ್ನೆಲ್ಲ ನಾನು ಬೆಳಿಗ್ಗೆ ಅವರಿಗಿಂತ ಒಂದು ಗಂಟೆ ಮೊದಲೇ ಬಂದು ಬಿಚ್ಚಿ, ಮತ್ತೆ ಹೊಲಿದು, ಏನೂ ಅರಿಯದವನಂತೆ ಇಸ್ತ್ರಿ ಮಾಡಿ ಇಡುತ್ತಿದ್ದೆ. ಇನ್ನು ಸಾಕು ಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಆ ಕುರ್ಚಿಯೇ ಅವರ ಜೀವ. ಈ ಗುಟ್ಟು ನನಗೂ ಸೂಜಿಗೂ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ, ತಾವು ನಡುವೆ ಬರುವ ತನಕ.

ಕಳೆದ ತಿಂಗಳು ಡಾಕ್ಟರು ಅತ್ತೆಯವರ ಕಿವಿಗೆ ತಮ್ಮ ಯಂತ್ರ ಕೂರಿಸಿದರು. ನನ್ನ ಹೆಂಡತಿ ಅದರ ಸೆಟ್ಟಿಂಗ್ಸನ್ನು ನನ್ನ ಫೋನಿಗೆ ಹಾಕಿಕೊಟ್ಟು, ಊರವರ ಸೊಂಟ ಅಳೆಯುವವರಿಗೆ ಇದೇನು ಮಹಾ ಎಂದು ತನ್ನ ಕೆಲಸಕ್ಕೆ ಹೋದಳು. ಅಂಗಡಿಯಲ್ಲೇ ಕುಳಿತು ಕಿಟಕಿ ತೆರೆದೆ. ಮೇಲೆ ಸದ್ದು ಏರಿಸಿ ಇಳಿಸುವ ಒಂದು ಪಟ್ಟಿ, ಅದರ ಕೆಳಗೆ ‘ದೂರದ ಮಾತು’, ‘ಗಾಳಿಯ ಸದ್ದು ಬೇಡ’ ಎಂದು ಟಿಕ್ ಹಾಕುವ ಚೌಕಗಳು, ತೀರಾ ಕೆಳಗೆ ‘ಸರಿ’, ‘ಉಳಿಸು’, ‘ಅನ್ವಯಿಸು’, ‘ರದ್ದು’ ಎಂಬ ನಾಲ್ವರು ಅಧಿಕಾರಿಗಳು ಸಾಲಾಗಿ ಕುಳಿತಿದ್ದರು. ಸರಿ ಎಂದಮೇಲೆ ಮತ್ತೆ ಉಳಿಸುವುದೇಕೆ, ಉಳಿಸಿದ್ದನ್ನು ಅನ್ವಯಿಸದೆ ಉಪ್ಪಿನಕಾಯಿ ಹಾಕುತ್ತಾರೆಯೇ ಎಂದು ಯೋಚಿಸುತ್ತ ಪಟ್ಟಿಯ ಮೇಲೆ ಬೆರಳಾಡಿಸಿದೆ, ಅದು ತುತ್ತತುದಿಗೆ ಹೋಗಿ ನಿಂತಿತು. ಹೆದರಿ ‘ರದ್ದು’ ಒತ್ತಿದೆ. ಕಿಟಕಿ ಬಲು ಮರ್ಯಾದೆಯಿಂದ ಮುಚ್ಚಿಕೊಂಡಿತು, ನಾನು ರದ್ದಾಯಿತೆಂದು, ಸದ್ದು ಮೊದಲಿನಷ್ಟೇ ಸಣ್ಣಗಿದೆಯೆಂದು ನಂಬಿದೆ.

ಪಟ್ಟಿ ಮುಟ್ಟಿದ ಕ್ಷಣವೇ ಕಿವಿಯೊಳಗೆ ಸದ್ದು ಏರಿಬಿಡುತ್ತದೆಂದೂ, ಚೌಕಗಳು ಮಾತ್ರ ‘ಉಳಿಸು’ ಒತ್ತುವ ತನಕ ಜಪ್ಪಯ್ಯ ಎಂದರೂ ಕದಲುವುದಿಲ್ಲವೆಂದೂ, ‘ರದ್ದು’ ಎಂಬುವರು ಏನನ್ನೂ ರದ್ದು ಮಾಡದೆ ಕೇವಲ ಬಾಗಿಲು ಹಾಕುವುದಕ್ಕೆ ನೇಮಕಗೊಂಡವರೆಂದೂ ನನಗೆ ಯಾರೂ ಹೇಳಿರಲಿಲ್ಲ. ಬೇಕೆಂದದ್ದು ನಿಲ್ಲದ, ಬೇಡವೆಂದದ್ದು ಹೋಗದ ಇಂಥ ಆಡಳಿತವನ್ನು ಅಂಗೈಯಗಲದ ಜಾಗದಲ್ಲಿ ಸ್ಥಾಪಿಸಿದ ತಮಗೆ ಸನ್ಮಾನವಾಗಲೇಬೇಕು; ಕೋಟು ನಾನೇ ಹೊಲಿದು ಕೊಡುತ್ತೇನೆ, ಕತ್ತಿನ ಅಳತೆಯನ್ನು ಮರೆಯದೆ ಕಳುಹಿಸಿ.

‘ರದ್ದು’ ಒತ್ತಿದ ಹತ್ತು ನಿಮಿಷಕ್ಕೆ ಶಾಲೆಯ ಡ್ರಿಲ್ ಮೇಷ್ಟ್ರು ಬಂದು, ಹಿಂದಿನ ವಾರ ಒಯ್ದಿದ್ದ ಪ್ಯಾಂಟಿನ ತುದಿಯ ಹೊಲಿಗೆಯೊಳಗೆ ತಮ್ಮ ಹೆಬ್ಬೆರಳನ್ನು ಇಡಿಯಾಗಿ ತೂರಿಸಿ ತೋರಿಸಿದರು. ನಾನು ಕನ್ನಡಿಯ ಪಕ್ಕ ನಿಂತು, ಎಂದಿನ ಧ್ವನಿಯಲ್ಲೇ, “ಅದು ಅತ್ತೆ ಹೊಲಿದಿದ್ದು ಸಾರ್. ದಿನಾ ನಾನೇ ಬಿಚ್ಚಿ ಮತ್ತೆ ಹೊಲೀತೀನಿ, ಇದೊಂದು ಕಣ್ತಪ್ಪಿ ಹೋಗಿದೆ. ಏನ್ ಮಾಡೋದು, ವಯಸ್ಸಾದೋರು” ಎಂದುಬಿಟ್ಟೆ. ಬಾಗಿಲ ಬಳಿ ಸೂಜಿ ನಿಂತಿತು. ಅತ್ತೆಯವರು ದಾರ ಕತ್ತರಿಸಿದರು, ಕನ್ನಡಕವನ್ನು ಡಬ್ಬಿಗೆ ಹಾಕಿದರು, ಅರ್ಧ ಹೊಲಿದ ಪ್ಯಾಂಟನ್ನು ನೀಟಾಗಿ ಮಡಿಚಿ ಕುರ್ಚಿಯ ಮೇಲಿಟ್ಟು ಮನೆಗೆ ಹೊರಟುಹೋದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮೂರು ದಿನ ಕುರ್ಚಿ ಖಾಲಿ. ಮನೆಯಲ್ಲಿ ಬಡಿಸುತ್ತಾರೆ, ಮಾತಿಲ್ಲ. ಗಾಬರಿಯಿಂದ ಸದ್ದು ಇಳಿಸಲು ಹೋದರೆ, ಏರಿಸುವಾಗ ಯಾರನ್ನೂ ಕೇಳದ ತಮ್ಮ ಕಿಟಕಿ ಇಳಿಸುವುದಕ್ಕೆ ಮಾತ್ರ ‘ಉಳಿಸು’ ಒತ್ತಬೇಕೆಂದು ಕಾನೂನು ಹೇಳಿತು; ಒತ್ತಿದೆ; ‘ಬದಲಾವಣೆಗಳನ್ನು ಕೈಬಿಡುವುದನ್ನು ರದ್ದು ಮಾಡಬೇಕೆ?’ ಎಂದು ಕೇಳಿ ‘ಹೌದು’, ‘ರದ್ದು’ ಎಂಬ ಎರಡು ದಾರಿ ತೋರಿಸಿತು. ಅತ್ತ ದರಿ, ಇತ್ತ ಪುಲಿ. ಕಡೆಗೆ ‘ಮೊದಲಿನಂತೆ ಮಾಡು’ ಎಂಬುದನ್ನು ಹುಡುಕಿ ಒತ್ತಿದೆ, ಯಾರ ಮೊದಲು ಎಂದು ಕೇಳುವ ಬುದ್ಧಿ ಬರಲಿಲ್ಲ. ಸದ್ದು ಇದ್ದಲ್ಲೇ ಉಳಿಯಿತು, ಯಂತ್ರ ಕಿವಿಯಲ್ಲಿ ಹೇಳುವ ಎಚ್ಚರಿಕೆಯ ಭಾಷೆ ಮಾತ್ರ ಕಾರ್ಖಾನೆಯದಾಯಿತು. ಈಗ ಬ್ಯಾಟರಿ ಇಳಿದಾಗಲೆಲ್ಲ ಅತ್ತೆಯವರ ಕಿವಿಯಲ್ಲಿ ಯಾವುದೋ ಪರದೇಶದ ಹೆಂಗಸು ಗದರುತ್ತಾಳೆ, ಆ ಮೂರು ದಿನ ಅತ್ತೆಯವರು ಬಾಯಿಬಿಟ್ಟು ಮಾತಾಡಿದ್ದು ಅವಳೊಬ್ಬಳ ಜೊತೆಗೆ.

ತಮಗೆ ಪಾಠ ಹೇಳುವಷ್ಟು ಓದಿದವನಲ್ಲ, ಬಟ್ಟೆ ಕತ್ತರಿಸುವವನು. ನಾವು ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇವೆ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸುತ್ತೇವೆ. ಒಪ್ಪಿದರೆ ಯಂತ್ರದ ಹೊಲಿಗೆ, ಒಪ್ಪದಿದ್ದರೆ ದಾರ ಎಳೆದು, ಸುಣ್ಣ ಕೊಡವಿ, ಇದ್ದ ಹಾಗೇ ಮಾಡಿಕೊಡುತ್ತೇವೆ. ಇದಕ್ಕೆ ‘ಇರಲಿ’, ‘ಬೇಡ’ ಎಂಬ ಎರಡೇ ಮಾತು ಸಾಕು. ಇಲ್ಲ, ಮುಟ್ಟಿದ ಕೂಡಲೇ ಆಗಿಬಿಡುವುದೇ ತಮ್ಮ ಪದ್ಧತಿಯಾದರೆ ಅದೂ ಆಗಲಿ, ಆದರೆ ಅದನ್ನು ಮೊದಲೇ ಹೇಳಿ, ಹಿಂದಕ್ಕೆ ಬರುವ ದಾರಿಯನ್ನೂ ಪಕ್ಕದಲ್ಲೇ ಇಟ್ಟು, ‘ರದ್ದು’ ಸಾಹೇಬರನ್ನು ಅಲ್ಲಿಂದ ವರ್ಗ ಮಾಡಿ. ಒಂದೇ ಅಂಗಿಯಲ್ಲಿ ಎಡತೋಳು ಟ್ರಯಲ್‌ಗೆ, ಬಲತೋಳು ಖಾಯಂ ಎಂದರೆ ನನ್ನ ಗಿರಾಕಿ ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಇಷ್ಟು ಸಾಧ್ಯವಾಗದಿದ್ದರೆ ಇನ್ನೂ ಸುಲಭವಾದದ್ದನ್ನು ಕೇಳುತ್ತೇನೆ. ನನ್ನ ಬಾಯಿಗೊಂದು ಒಳ್ಳೆಯ ‘ರದ್ದು’ ಜೋಡಿಸಿಕೊಡಿ. ಮಾತು ಹೊರಡುವ ಮುನ್ನ ‘ಇದನ್ನು ಖಂಡಿತ ಆಡಬೇಕೆ?’ ಎಂದು ಕೇಳಲಿ, ಆಡಿದ ಮೇಲೂ ಅರ್ಧ ಗಂಟೆ ವಾಪಸು ಪಡೆಯಲು ಅವಕಾಶವಿರಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ತಮ್ಮಂಥ ತಂತ್ರಜ್ಞರು ಹುಟ್ಟುವ ಮೊದಲು. ಹಾಗೆಯೇ ಡ್ರಿಲ್ ಮೇಷ್ಟ್ರ ತಲೆಯಿಂದಲೂ ಅಷ್ಟು ಭಾಗವನ್ನು ಅಳಿಸಿಬಿಡಿ, ಅವರು ಈಗಾಗಲೇ ಅದನ್ನು ಶಾಲೆಯ ಸ್ಟಾಫ್ ರೂಮಿಗೆಲ್ಲ ಅನ್ವಯಿಸಿದ್ದಾರೆ.

ನಾಲ್ಕನೆಯ ಬೆಳಿಗ್ಗೆ ನಾನು ಬೀಗ ತೆಗೆಯುವಾಗ ಅತ್ತೆಯವರು ಬೆನ್ನ ಹಿಂದೆ ನಿಂತಿದ್ದರು. ಒಳಗೆ ಬಂದು, ಕುರ್ಚಿಯಲ್ಲಿ ಕುಳಿತು, ದಾರ ಪೋಣಿಸಿಕೊಡಲು ಸೂಜಿಯನ್ನು ನನ್ನ ಕೈಗೆ ಕೊಟ್ಟು ಹೇಳಿದರು: “ಅಳಿಯಂದ್ರೇ, ನೀವು ಬಿಚ್ಚೋದು ನನಗೆ ಮೊದಲನೇ ವಾರದಿಂದ್ಲೂ ಗೊತ್ತು. ನನ್ನ ಹೊಲಿಗೆ ಮುಟ್ಟಿದ್ರೆ ನನಗೆ ಗೊತ್ತಾಗಲ್ವಾ. ನಿಮಗೆ ಬಿಚ್ಚೋಕೆ ಕಷ್ಟ ಆಗಬಾರದು ಅಂತಲೇ ನಾಲ್ಕು ವರ್ಷದಿಂದ ಸಡಿಲವಾಗಿ ಹಾಕ್ತಾ ಬಂದೆ. ಅದನ್ನ ಹೊರಗಿನೋರ ಮುಂದೆ ಆಡಿದ್ರಲ್ಲ, ಅದಕ್ಕೆ ಬೇಜಾರಾಯ್ತು.” ನನಗೆ ನಾಚಿಕೆಯಾಯಿತು, ಅಳುವೂ ಬಂತು, ತಪ್ಪಾಯಿತೆಂದು ಬಾಯಿಬಿಟ್ಟು ಕೇಳಿಕೊಂಡೆ. ಅಂದು ಅವರು ಬಿಗಿಯಾಗಿ ಹೊಲಿದ ಪ್ಯಾಂಟನ್ನು ಎಳೆದು ನೋಡಿದೆ: ಕೊಂಚ ಸೊಟ್ಟ, ಆದರೆ ಬಿಚ್ಚಲು ಹೋದರೆ ಬಟ್ಟೆಯೇ ಹರಿಯಬೇಕು. ಅದನ್ನು ನಾನು ಮುಟ್ಟದೆ ಹಾಗೆಯೇ ಇಸ್ತ್ರಿ ಮಾಡಿದೆ.

ಯಾವ ಗುಂಡಿ ಒತ್ತಿದರೂ ಹೀಗೆಯೇ ಉಳಿಯುವ,
ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ದರ್ಜಿ

ತಾ.ಕ.: ಈ ಪತ್ರದ ಮೊದಲ ಪ್ರತಿಯನ್ನು ಸಿಟ್ಟಿನ ಭರದಲ್ಲಿ ತಮ್ಮ ಕಂಪನಿಯ ದೂರು ಪುಟದಲ್ಲೇ ಬರೆದಿದ್ದೆ. ತಮ್ಮ ಬಗ್ಗೆ ಅದರಲ್ಲಿ ಬಳಸಿದ ಪದಗಳು ನನಗೇ ಸರಿಕಾಣದೆ, ಕಳುಹಿಸದೆ ‘ರದ್ದು’ ಒತ್ತಿ, ಹೀಗೆ ವಿನಯದಿಂದ ಹೊಸದಾಗಿ ಬರೆದೆ. ಇದನ್ನು ಕಳುಹಿಸುವ ಮೊದಲೇ, ಈಗಷ್ಟೇ ‘ತಮ್ಮ ದೂರು ಯಶಸ್ವಿಯಾಗಿ ತಲುಪಿದೆ’ ಎಂದು ತಮ್ಮಿಂದ ಸಂದೇಶ ಬಂದಿದೆ. ತಲುಪಿಯೇಬಿಟ್ಟ ಮೇಲೆ ಆ ಮೊದಲ ಪ್ರತಿಯನ್ನೂ ದಯಮಾಡಿ ಓದಿಕೊಳ್ಳಬೇಕು, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.