ಜನ್ನಾಪುರದ ಅತ್ತೆಯ ಕೈ ಸ್ಕ್ವೇರ್

ಭದ್ರಾವತಿಯ ಜನ್ನಾಪುರದ ನಮ್ಮ ಅತ್ತೆಗೆ ದೇವರೇನಾದರೂ ಪ್ರತ್ಯಕ್ಷನಾದರೆ ಅವನ ಕಥೆ ಮುಗಿಯಿತು! ಅವರು ವರಗಿರ ಕೇಳುವವರಲ್ಲ. "ಕೂತ್ಕೊಳಪ್ಪ. ಇಲ್ಲಿವರೆಗೆ ಎಷ್ಟು ಜನಕ್ಕೆ ಪ್ರತ್ಯಕ್ಷ ಆಗಿದೀಯ? ಅದ್ರಲ್ಲಿ ಬಡವರೆಷ್ಟು, ಸಾಹುಕಾರರೆಷ್ಟು? ಪಟ್ಟಿ ತಗೊಂಡು ಬಾ, ನೋಡೋಣ" ಎನ್ನುತ್ತಾರೆ. ಪಟ್ಟಿ ತರಲು ಹೋದ ದೇವರು ಮತ್ತೆ ಭದ್ರಾವತಿಯ ಕಡೆ ತಲೆ ಹಾಕಿ ಮಲಗುತ್ತಾನೆಯೇ?

ಈಕೆ ನನ್ನ ಮಾವನ ಅಕ್ಕ, ಎಂದರೆ ನನ್ನ ಗಂಡನ ಸೋದರತ್ತೆ. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಕಾಲೇಜು ಅವರನ್ನು ಬಿಟ್ಟರೂ ಅವರು ಕೈ ಸ್ಕ್ವೇರ್ ಪರೀಕ್ಷೆಯನ್ನು ಬಿಡಲಿಲ್ಲ. ಮೊದಲು ವಿದ್ಯಾರ್ಥಿಗಳು ಅನುಭವಿಸುತ್ತಿದ್ದರು, ಈಗ ನೆಂಟರು ಅನುಭವಿಸುತ್ತಿದ್ದೇವೆ, ಅಷ್ಟೇ.

ನಾನು ಅವರನ್ನು ಮೊದಲು ಕಂಡದ್ದು ಗಂಡಿನ ಕಡೆಯವರು ನನ್ನನ್ನು ನೋಡಲು ಶಿವಮೊಗ್ಗದ ನಮ್ಮ ಮನೆಗೆ ಬಂದ ದಿನ. ಕೇಸರಿಬಾತು, ಬೋಂಡ ಮುಗಿಯಿತು. ಹಾಡಲು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳುತ್ತಾರೆಂದು ನಾನು ತಲೆ ತಗ್ಗಿಸಿ ಕಾದರೆ, ಈಕೆ ತಮ್ಮ ಪರ್ಸಿನಿಂದ ಲೂಡೋ ದಾಳವೊಂದನ್ನು ತೆಗೆದು ನನ್ನ ಮುಂದಿಟ್ಟರು!

"ಇದನ್ನ ಅರವತ್ತು ಸಲ ಎಸಿಯಮ್ಮ."

"ಯಾಕೆ?" ಎಂದೆ.

"ಕೈ ಸ್ಕ್ವೇರ್ ನೋಡೋಣ ಅಂತ."

ಮೂಲೆಯಲ್ಲಿ ಕುಳಿತಿದ್ದ ನನ್ನಜ್ಜಿಗೆ ಕೇಳಿಸಿದ್ದು 'ಕೈ ನೋಡೋಣ' ಎಂಬಷ್ಟೇ. ತಕ್ಷಣ ಬಲಗೈ ಚಾಚಿ, "ನಂದೂ ಒಂಚೂರು ನೋಡಿಬಿಡಿ ತಾಯಿ. ಈ ಮಂಡಿ ನೋವು ಯಾವಾಗ ಹೋಗುತ್ತೆ?" ಎಂದರು.

ನಾನು ಎಸೆಯುತ್ತಾ ಹೋದೆ, ಅವರು ಪುಟ್ಟ ಪುಸ್ತಕದಲ್ಲಿ ಗೀಟು ಹಾಕುತ್ತಾ ಹೋದರು. ನಡುವೆ ಪಾಠವೂ ನಡೆಯಿತು. "ನೋಡು, ದಾಳ ನೆಟ್ಟಗಿದ್ರೆ ಅರವತ್ತರಲ್ಲಿ ಒಂದೊಂದು ಮುಖ ಹತ್ತತ್ತು ಸಲ ಬೀಳ್ಬೇಕು. ಅದು ನಾವು ನಿರೀಕ್ಷೆ ಮಾಡೋದು. ಬೀಳೋದು ಅದರ ಇಷ್ಟ. ಎರಡರ ವ್ಯತ್ಯಾಸ ತಗೋ, ಅದರ ವರ್ಗ ಮಾಡು, ಹತ್ತರಿಂದ ಭಾಗಿಸು. ಆರೂ ಮುಖದ್ದು ಹೀಗೇ ಮಾಡಿ ಕೂಡು. ಉತ್ತರ ಹನ್ನೊಂದು ದಾಟಿದ್ರೆ ದಾಳದ ಮೇಲೆ ಅನುಮಾನ ಪಡ್ಬೇಕು. ದಾಟದಿದ್ರೆ ಬರೀ ಆಕಸ್ಮಿಕ, ತೆಪ್ಪಗಿರ್ಬೇಕು."

ನನಗೆ ಆರು ಹದಿನಾರು ಸಲ ಬಿತ್ತು, ಐದು ಬರೀ ಆರು ಸಲ. ಕೂಡಿದಾಗ ಐದು ಪಾಯಿಂಟ್ ಎಂಟು. "ಐದು ಪಾಯಿಂಟ್ ಎಂಟು!" ಎಂದು ಅತ್ತೆ ಘೋಷಿಸಿದರು. ನಮ್ಮಪ್ಪ ಬೆವರು ಒರೆಸಿಕೊಂಡು, "ಎಷ್ಟಕ್ಕೆ ಮೇಡಂ? ಹತ್ತಕ್ಕಾ?" ಎಂದು ಕೇಳಿದರು.

"ದಾಳದಲ್ಲಿ ದೋಷ ಇದೆ ಅನ್ನೋಕೆ ಆಧಾರ ಇಲ್ಲ" ಎಂದರು ಅತ್ತೆ. "ಹುಡುಗಿಯಂತೂ ಅರವತ್ತು ಸಲ ಗೊಣಗದೆ ಎಸೆದಳು. ನನ್ನ ತಮ್ಮನ ಮನೆಯಲ್ಲಿ ಬಾಳೋಕೆ ಇಷ್ಟು ತಾಳ್ಮೆ ಬೇಕೇ ಬೇಕು. ಒಪ್ಪಿಗೆ!"

ಈ ಲೆಕ್ಕವನ್ನು ಕನ್ನಡದಲ್ಲಿ ಹೊಂದಾಣಿಕೆಯ ಪರೀಕ್ಷೆ ಎಂದೂ ಹೇಳಬಹುದಂತೆ. ಜಾತಕ ಹೊಂದುವ ಮೊದಲೇ ದಾಳ ಹೊಂದಿ ಮದುವೆಯಾದವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು!

ಮದುವೆಯಾಗಿ ಭದ್ರಾವತಿಯ ನ್ಯೂ ಟೌನಿಗೆ ಬಂದೆ. ಇಬ್ಬರು ಹೆಣ್ಣುಮಕ್ಕಳಾದರು. ಒಮ್ಮೆ ಅತ್ತೆ ಆ ಇಬ್ಬರನ್ನೂ ಕರೆದುಕೊಂಡು ಶಿವಮೊಗ್ಗದ ಬಜಾರಿಗೆ ಹೋಗಿ ಬಣ್ಣದ ಜೀರಿಗೆ ಮಿಠಾಯಿ ಕೊಂಡರು. "ನಾಲ್ಕು ಕಲರೂ ಬರಾಬರ್ ಇರುತ್ತೆ ಅಮ್ಮಾ" ಎಂದು ಅಂಗಡಿಯ ಸಾಬರು ಬಾಯ್ತಪ್ಪಿ ಹೇಳಿಬಿಟ್ಟರು. ಅಷ್ಟು ಸಾಕಲ್ಲ! ಮನೆಗೆ ಬಂದವರೇ ಸ್ಟೀಲ್ ತಟ್ಟೆಯಲ್ಲಿ ಇನ್ನೂರು ಕಾಳು ಎಣಿಸಿ ಹಾಕಿಕೊಂಡು ಬಣ್ಣ ಬಣ್ಣ ಬೇರೆ ಮಾಡಿದರು. ಪ್ರತಿ ಬಣ್ಣದ್ದೂ ಐವತ್ತರ ಹತ್ತಿರ ಇರಬೇಕಿತ್ತು. ಕೆಂಪು ಇದ್ದದ್ದು ಮೂವತ್ತೊಂದೇ! ಲೆಕ್ಕ ಹಾಕಿದರೆ ಪರೀಕ್ಷೆಯ ಗಡಿ ದಾಟಿಹೋಗಿತ್ತು.

ಮರುದಿನವೇ ಬಸ್ಸು ಹತ್ತಿ ಅಂಗಡಿಗೆ ಹೋದರು. ಸಾಬರು ಗಾಬರಿಯಾಗಿ, "ಕೆಂಪು ಬೇಕಾದ್ರೆ ಅದನ್ನೇ ಒಂದು ಪೊಟ್ಟಣ ಕೊಡ್ತೀನಿ, ತಗೊಳ್ಳಿ ಅಮ್ಮಾ" ಎಂದರೆ, "ಬೇಡ. ನೀವು ಆರಿಸಿ ಕೊಟ್ರೆ ಸ್ಯಾಂಪಲ್ ಕೆಡುತ್ತೆ" ಎಂದು ಅರ್ಧ ಗಂಟೆ ಪಾಠ ಮಾಡಿ ಬಂದರಂತೆ.

ಅಷ್ಟು ಹೊತ್ತಿಗೆ ನನಗೆ ಅನುಮಾನ ಬಂದು ನಮ್ಮ ಮನೆಯ ಇಬ್ಬರು ಪುಟಾಣಿಗಳನ್ನು ವಿಚಾರಿಸಿದ್ದೆ. ಹಿಂದಿನ ದಿನ ಬಸ್ಸಿನಲ್ಲಿ ಅತ್ತೆ ತೂಕಡಿಸುತ್ತಿದ್ದಾಗ ಪೊಟ್ಟಣ ಬಿಚ್ಚಿ ಕೆಂಪನ್ನೇ ಆರಿಸಿ ಆರಿಸಿ ಮುಕ್ಕಿದ್ದರು! ವಿಷಯ ತಿಳಿದು ಅತ್ತೆ ಹೌಹಾರಿದರು. ಮತ್ತೆ ಬಸ್ಸು ಹತ್ತಿದರು, ಕ್ಷಮೆ ಕೇಳಲು. ಅವರು ಬರುವುದನ್ನು ದೂರದಿಂದ ಕಂಡ ಸಾಬರು ಅರ್ಧ ಷಟರ್ ಎಳೆದುಬಿಟ್ಟಿದ್ದರಂತೆ.

ನನ್ನ ಗಂಡನೂ ಒಮ್ಮೆ ಸಿಕ್ಕಿಹಾಕಿಕೊಂಡರು. "ಪಾತ್ರೆ ತೊಳೆಯೋದ್ರಲ್ಲಿ ಅರ್ಧ ನಂದೇ ಅತ್ತೆ" ಎಂದು ಬಡಾಯಿ ಕೊಚ್ಚಿದ್ದೇ ತಪ್ಪಾಯಿತು. ಅತ್ತೆ ಫ್ರಿಜ್ಜಿನ ಮೇಲೆ ಹಾಳೆ ಅಂಟಿಸಿ, ತೊಳೆದವರು ಗೀಟು ಹಾಕಬೇಕೆಂದು ಕಟ್ಟಾಜ್ಞೆ ಮಾಡಿದರು. ನೂರು ಗೀಟಾದಾಗ ನನ್ನವು ತೊಂಬತ್ತಮೂರು, ಅವರವು ಏಳು! "ಇಬ್ಬರದೇ ಲೆಕ್ಕ ಆದ್ರೆ ಹನ್ನೊಂದಲ್ಲ, ಮೂರೂ ಮುಕ್ಕಾಲು ದಾಟಿದ್ರೇ ಅನುಮಾನ ಪಡ್ಬೇಕು ಕಣೋ. ನಿಂದು ಎಪ್ಪತ್ಮೂರು ದಾಟಿದೆ! ಇದನ್ನ ಆಕಸ್ಮಿಕ ಅಂತೀಯಾ?" ಎಂದರು. ಅಂದಿನಿಂದ ನಮ್ಮ ಮನೆಯ ಸಿಂಕಿನ ಮುಂದೆ ಒಬ್ಬ ಗಂಡಸು ನಿಂತಿರುತ್ತಾನೆ. ಅನುಮಾನವಿದ್ದವರು ಬಂದು ನೋಡಬಹುದು.

ಆಮೇಲೆ ನನಗೆ ಮೂರನೆಯ ಮಗುವಾಯಿತು. ಅದೂ ಹೆಣ್ಣು. ನಾಮಕರಣದ ದಿನ ನ್ಯೂ ಟೌನಿನ ನಮ್ಮ ಮನೆ ತುಂಬ ನೆಂಟರು. ಹೊಳಲೂರಿನಿಂದ ನನ್ನ ಗಂಡನ ದೊಡ್ಡಮ್ಮ ಬಂದಿದ್ದರು. ತೊಟ್ಟಿಲಿಗೆ ಹೂವು ಕಟ್ಟುತ್ತಾ ಎಲ್ಲರಿಗೂ ಕೇಳುವಂತೆ, "ಮೂರಕ್ಕೆ ಮೂರೂ ಹೆಣ್ಣೇ. ದೋಷ ಇವಳಲ್ಲೇ ಇದೆ ಬಿಡಿ" ಎಂದರು. ಆಸ್ಪತ್ರೆಯಿಂದ ಬಂದ ದಿನದಿಂದ ಇದನ್ನೇ ಬೇರೆ ಬೇರೆ ಬಾಯಲ್ಲಿ ಕೇಳಿದ್ದೆ. ಕಣ್ಣು ತುಂಬಿತು. ನನ್ನ ಗಂಡ ಗೋಡೆ ನೋಡುತ್ತಾ ನಿಂತರು.

"ಏನಂದ್ರಿ? ದೋಷವಾ?" ಎಂದು ಅತ್ತೆ ಪರ್ಸಿನಿಂದ ಪುಟ್ಟ ಪುಸ್ತಕ ತೆಗೆದರು. "ಪರೀಕ್ಷೆ ಮಾಡೇ ಬಿಡೋಣ. ಗಂಡು ಅಂತ ಒಂದು ಖಾನೆ, ಹೆಣ್ಣು ಅಂತ ಒಂದು ಖಾನೆ. ಈ ಲೆಕ್ಕಕ್ಕೆ ಒಂದು ನಿಯಮ ಇದೆ ಮಾರಾಯ್ತಿ. ಎರಡೂ ಖಾನೇಲಿ ನಾವು ಎದುರು ನೋಡೋದು ಕಡಿಮೆ ಅಂದ್ರೂ ಐದೈದು ಇರ್ಬೇಕು. ಅಂದ್ರೆ ಒಟ್ಟು ಹತ್ತು ಮಕ್ಕಳು. ಇವಳಿಗೆ ಇನ್ನೂ ಮೂರೇ. ಇನ್ನೂ ಏಳು ಹೆತ್ಮೇಲೆ ದೋಷದ ಮಾತಾಡೋಣ. ಏಳು ಬಾಣಂತನಾನೂ ನೀವೇ ಮಾಡ್ತೀರಿ ತಾನೇ?"

"ಅಯ್ಯಯ್ಯೋ, ನನ್ನ ಕೈಲಾಗಲ್ಲಪ್ಪ!" ಎಂದು ದೊಡ್ಡಮ್ಮ ಹೂವು ಬಿಟ್ಟು ಎರಡೂ ಕೈ ಎತ್ತಿದರು. ಮನೆಯೆಲ್ಲ ಗೊಳ್ಳೆಂದಿತು. ನಾನಂತೂ ಹೊಲಿಗೆ ನೋಯುವಷ್ಟು ನಕ್ಕೆ.

ನನ್ನ ಗಂಡನಿಗೆ ಅಕ್ಕತಂಗಿಯರಿಲ್ಲ. ಹಾಗಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಕೆಲಸ ಈ ಅತ್ತೆಯದೇ. ಅವರು ತೊಟ್ಟಿಲೊಳಗೆ ಬಗ್ಗಿದರು. ಎಲ್ಲರೂ ಕಾದರು. ಮೂವತ್ತು ವರ್ಷ ಕೊನೆಯ ಬೆಂಚಿಗೆ ಕೇಳುವಂತೆ ಕೂಗಿದ ಗಂಟಲಿನಿಂದ ಸದ್ದೇ ಇಲ್ಲ! ಹೆಸರು ಮರೆತರೇನೋ ಎಂದು ಪಕ್ಕದಲ್ಲಿದ್ದ ನಾನೂ ಬಗ್ಗಿದೆ. ಮಗುವಿನ ಹೊದಿಕೆಯ ಮೇಲೆ ಅವರ ಕಣ್ಣೀರು ಬಿದ್ದಿತ್ತು.

"ನಂಗೆ ತೊಟ್ಟಿಲು ಹಾಕ್ಲಿಲ್ಲ ಕಣೇ" ಎಂದರು, ನನಗೆ ಮಾತ್ರ ಕೇಳುವಂತೆ. "ಐದನೇದೂ ಹೆಣ್ಣು ಅಂತ. ಮನೇಲೆಲ್ಲ 'ಏ ಕೂಸೇ' ಅಂತಿದ್ರು. ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಹೆಸರೇನು ಅಂತ ಕೇಳಿದ್ರು. ನಮ್ಮಮ್ಮ ತಲೆ ತಗ್ಗಿಸ್ಕೊಂಡು ನಿಂತ್ಬಿಟ್ಳು. ಮೇಷ್ಟ್ರೇ ಒಂದು ಬರ್ಕೊಂಡ್ರು."

ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, "ವಸುಧಾ!" ಎಂದು ಕೂಗಿದರು. ಕಿವಿಯಲ್ಲಿ ಮೆಲ್ಲಗೆ ಹೇಳಬೇಕಾದ ಹೆಸರು ಬೀದಿಯವರೆಗೂ ಕೇಳಿಸಿತು. ಸೈಕಲ್ಲಿನಲ್ಲಿ ಸೊಪ್ಪು ಮಾರುತ್ತಿದ್ದವನು ಬ್ರೇಕ್ ಹಾಕಿ ಒಳಗೆ ಇಣುಕಿದ. ಮಗು ಬೆಚ್ಚಿ ಎದ್ದು ಅಳತೊಡಗಿತು. "ಸಾಕು ಬಿಡೇ ಅಕ್ಕಾ" ಎಂದು ನಮ್ಮ ಮಾವ ಅಂದರೂ ಕೇಳದೆ ಅತ್ತೆ ಅದನ್ನು ಎತ್ತಿ ಎದೆಗವಚಿಕೊಂಡು, ನಗುತ್ತಾ ಅಳುತ್ತಾ, "ವಸುಧಾ, ವಸುಧಾ" ಎಂದು ಕರೆಯುತ್ತಲೇ ಇದ್ದರು.