ಎಪ್ಪತ್ತಾರು ಮನೆಯ ಲೆಕ್ಕ

ಮಕ್ಕಳೇ, ಪಾಂಡವಪುರದ ನಿಮ್ಮ ಚಿಕ್ಕತಾತನನ್ನು ನೀವು ಸಾಧು ಮನುಷ್ಯ ಎಂದುಕೊಂಡಿದ್ದೀರಿ. ಅಲ್ಲ. ಜಮೀನಿನ ಗಡಿಕಲ್ಲಿಗೆ ಜಗಳವಾಡಿದವರನ್ನು ನಾನು ಕಂಡಿದ್ದೇನೆ. ನಾಲೆ ನೀರಿನ ಸರದಿಗೆ ಗುದ್ದಲಿ ಎತ್ತಿದವರನ್ನೂ ಕಂಡಿದ್ದೇನೆ. ಅಂಕಿಗಳ ನಡುವೆ ಇಡುವ ಒಂದು ಚುಕ್ಕಿಗಾಗಿ ಊರೆಲ್ಲ ಜಗಳವಾಡಿಕೊಂಡು ಬಂದವನು ನಮ್ಮ ಮನೆತನದಲ್ಲಿ ಅವನೊಬ್ಬನೇ.

ಅವನು ನಿಮ್ಮ ತಾತನ ತಮ್ಮ, ನನಗೆ ಮೈದುನ. ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ಮದುವೆ ಆಗಲಿಲ್ಲ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಬೇಕೋ ಬೇಡವೋ? ಕಂಪ್ಯೂಟರಿನ ಮುಂದೆ ಕೂತ. ಲೈಬ್ರರಿಗೆ ಬರೆಯುತ್ತೇನೆ ಎಂದ. ನಾನು ಪುಸ್ತಕದ ಲೈಬ್ರರಿ ಎಂದುಕೊಂಡು ಖುಷಿಪಟ್ಟೆ. ಅದಲ್ಲವಂತೆ. ಪ್ರೋಗ್ರಾಮು ಬರೆಯುವವರು ಪ್ರತಿಯೊಂದನ್ನೂ ಮೊದಲಿನಿಂದ ಬರೆಯುವುದಿಲ್ಲ, ಯಾರೋ ಬರೆದಿಟ್ಟದ್ದನ್ನು ತೆಗೆದುಕೊಂಡು ಬಳಸುತ್ತಾರೆ, ಅಂಥ ಬರೆದಿಟ್ಟವುಗಳ ಕಣಜವಂತೆ ಅದು. ಆ ಕಣಜಕ್ಕೆ ಇವನು ತುಂಬಲು ಹೊರಟಿದ್ದು ದಶಮಾಂಶದ ಸಂಖ್ಯೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಮನ್ನು. ಒಂದೊಂದು ಸಂಖ್ಯೆಯಲ್ಲೂ ಎಪ್ಪತ್ತಾರು ಅಂಕಿ.

ಅವನ ಹುಚ್ಚು ನನಗೆ ಮೊದಲು ಗೊತ್ತಾಗಿದ್ದು ನಮ್ಮೂರ ಡೈರಿಯಲ್ಲಿ. ನನಗೆ ಮಂಡಿ ನೋವೆಂದು ಒಂದು ದಿನ ಅವನೇ ಹಾಲಿನ ಕ್ಯಾನು ಹಿಡಿದುಕೊಂಡು ಬಂದ. ಫ್ಯಾಟು ನೋಡುವ ಮಿಷನ್ನು ನಾಲ್ಕು ಪಾಯಿಂಟ್ ಒಂದು ಎಂದು ತೋರಿಸಿತು. ಎಲ್ಲರಂತೆ ಚೀಟಿ ಇಸಿದುಕೊಂಡು ಬರಬಾರದೇ?

"ಚುಕ್ಕಿ ಆದ್ಮೇಲೆ ಇದು ಎಷ್ಟು ಅಂಕಿ ಇಟ್ಕತದೆ?" ಎಂದು ಕಾರ್ಯದರ್ಶಿಯನ್ನು ಕೇಳಿದ.

"ಒಂದೇ ತೋರ್ಸೋದು ಸಾ."

"ತೋರ್ಸೋದು ಬ್ಯಾರೆ, ಇಟ್ಕೊಳೋದು ಬ್ಯಾರೆ. ಒಳಗಡೆ ಎಷ್ಟು ಇಟ್ಕತದೆ ಅಂತ ಕೇಳ್ತಾ ಇವ್ನಿ."

ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, "ಒಳಗೆ ಎಷ್ಟಾರ ಇರ್ಲಿ ಕಣಪ್ಪ, ಈಚೆಗೆ ಬಾ. ನನ್ನ ಹಾಲು ಒಡದೋಯ್ತದೆ" ಎಂದರು. ಅಂದಿನಿಂದ ನಾನು ಡೈರಿಗೆ ಹೋದರೆ ಕಾರ್ಯದರ್ಶಿ ಮೊದಲು ನೋಡುವುದು ನನ್ನ ಮುಖವನ್ನಲ್ಲ. ನನ್ನ ಹಿಂದೆ ಯಾರು ಬರುತ್ತಿದ್ದಾರೆ ಎಂದು.

ಶ್ರೀರಂಗಪಟ್ಟಣದ ಛತ್ರದಲ್ಲಿ ನಡೆದ ಮದುವೆಯಲ್ಲಂತೂ ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತ್ತು. ಊಟಕ್ಕೆ ಕೂತವನು ಎಲೆಯ ಮೇಲಿನ ಅನ್ನದ ಅಗುಳುಗಳನ್ನು ಎರಡು ಸಾಲಾಗಿ ಜೋಡಿಸತೊಡಗಿದ. ಸಾರಿನವನು ಬಂದು ಬಗ್ಗಿ ನಿಂತ.

"ತಡೀರಿ, ದಶಕ ದಾಟ್ತಾ ಐತೆ" ಎಂದ ಇವನು. ಕೂಡುವಾಗ ಒಂದು ಸಾಲಿನಲ್ಲಿ ಹತ್ತು ತುಂಬಿದರೆ ಪಕ್ಕದ ಸಾಲಿಗೆ ಹೋಗುವ ಒಂದನ್ನು ದಶಕ ಎನ್ನುತ್ತಾರಲ್ಲ, ಅದು.

ಸಾರಿನವನು ಇನ್ನೊಂದು ಪಂಕ್ತಿ ಮುಗಿಸಿ ಬಂದರೂ ದಶಕ ದಾಟಿರಲಿಲ್ಲ. ಅವನು ಮೆಲ್ಲಗೆ ನನ್ನ ಕಿವಿಯ ಹತ್ತಿರ, "ನಿಮ್ಮವ್ರಿಗೆ ಉಸಾರಿಲ್ವಾ ಅಮ್ಮ?" ಎಂದು ಕೇಳಿದ. ನಾನು ಗಂಡಿನ ಕಡೆಯವರು ಇರಬೇಕು ಎಂದುಬಿಟ್ಟೆ. ದೇವರು ಕ್ಷಮಿಸಲಿ, ನಾವೇ ಗಂಡಿನ ಕಡೆಯವರು.

ಇಷ್ಟಕ್ಕೂ ನಾನು ಈ ಗೋಜಿಗೆ ಬಿದ್ದದ್ದು ನನ್ನ ಬಾಯಿಂದಲೇ. ನಿಮ್ಮ ತಾತ ಹೋಗಿ ಒಂದು ವರ್ಷವಾಗಿತ್ತು. ಭಾನುವಾರ ಬಂದಿದ್ದ ಇವನು ನಡುಮನೆಯಲ್ಲಿ ಕೂತು ನಿಮ್ಮ ಅಪ್ಪನಿಗೆ ವಿವರಿಸುತ್ತಿದ್ದ. ನಾನು ಅವರೆಕಾಯಿ ಸುಲಿಯುತ್ತಿದ್ದೆ.

"ನಾವು ಹತ್ತರಲ್ಲಿ ಎಣಿಸ್ತೀವಿ, ಮಿಷನ್ನು ಎರಡರಲ್ಲಿ ಎಣಿಸ್ತದೆ. ಅಂಗಾಗಿ ಅದಕ್ಕೆ ಹತ್ತನೇ ಒಂದು ಪಾಲು ಸರಿಯಾಗಿ ಬರ್ಯಕೆ ಬರಲ್ಲ. ನಾವು ಒಂದನ್ನ ಮೂರರಲ್ಲಿ ಭಾಗಿಸಿದ್ರೆ ಪಾಯಿಂಟ್ ಮೂರು ಮೂರು ಮೂರು ಅಂತ ಓಯ್ತಾನೇ ಇರ್ತದಲ್ಲ, ಅಂಗೆ. ಏನ್ಮಾಡ್ಬೇಕು? ಚುಕ್ಕಿ ತೆಗ್ದು ಇಡೀ ಸಂಖ್ಯೆ ಬರ್ಕೊಬೇಕು. ಚುಕ್ಕಿ ಎಲ್ಲಿತ್ತು ಅಂತ ಪಕ್ಕದಲ್ಲಿ ನೆನಪಿಟ್ಕೊಬೇಕು."

ನಿಮ್ಮ ಅಪ್ಪ ನಾಗಮಂಗಲದ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದ. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಏಳನೇ ಕ್ಲಾಸಲ್ಲಿ ಮೇಷ್ಟ್ರು ಹೇಳ್ಕೊಟ್ಟಿದ್ದೇ ಅದಲ್ವೇನಪ್ಪಾ" ಎಂದೆ.

ಅವನು ತಿರುಗಿ ನೋಡಿದ ನೋಟ ಇಂದಿಗೂ ಕಣ್ಣ ಮುಂದಿದೆ. ಮುಂದಿನ ಭಾನುವಾರ ಬರುವಾಗ ಚೀಲದ ತುಂಬಾ ಲೆಕ್ಕ ತಂದ. ಅವನ ಪ್ರೋಗ್ರಾಮು ಮಾಡಿದ ಲೆಕ್ಕವನ್ನು ನಾನು ಕೈಯಲ್ಲಿ ಮಾಡಿ ತಾಳೆ ನೋಡಬೇಕಂತೆ. ಪರೀಕ್ಷೆ ಮಾಡಲು ಬೇರೆ ಪ್ರೋಗ್ರಾಮುಗಳೇ ಇವೆಯಲ್ಲ ಎಂದು ನಿಮ್ಮ ಅಪ್ಪ ಕೇಳಿದ್ದಕ್ಕೆ, "ಅವೆಲ್ಲಾ ಒಂದೇ ಪುಸ್ತಕ ಓದ್ದವು ಕಣ್ಲಾ. ತಪ್ಪಾದ್ರೆ ಎಲ್ಲವೂ ಒಂದೇ ತಪ್ಪು ಮಾಡ್ತವೆ. ನಿಮ್ಮವ್ವ ಬ್ಯಾರೆ ಮೇಷ್ಟ್ರ ಹತ್ರ ಕಲ್ತವ್ರೆ" ಎಂದ.

ಎಪ್ಪತ್ತಾರು ಅಂಕಿ ಯಾರಿಗೆ ಬೇಕು ಎಂದು ನಾನೂ ಒಮ್ಮೆ ಕೇಳಿದೆ. "ಮೂವತ್ತೆಂಟು ಅಂಕಿದು ಆಗ್ಲೇ ಐತೆ. ಅಂಥವು ಎರಡನ್ನ ಗುಣಿಸಿದ್ರೆ ಬರೋದನ್ನ ಎಲ್ಲಿ ಮಡಗ್ತೀರಿ ಅತ್ಗೆ?" ಎಂದ. ಅಕ್ಕಿ ಹೆಚ್ಚಾದರೆ ಪಾತ್ರೆ ದೊಡ್ಡದು ಬೇಕು, ನಿಜ. ಆದರೆ ಅಷ್ಟು ದೊಡ್ಡ ಪಾತ್ರೆ ಮಿಷನ್ನಿನಲ್ಲಿ ಸಿಕ್ಕುವುದಿಲ್ಲವಂತೆ. ಇವನು ಎರಡು ಪಾತ್ರೆಗಳನ್ನು ಬೆಸೆದು ಒಂದು ಮಾಡಿದ್ದ. ಅವನ ಭಯವೆಲ್ಲ ಆ ಬೆಸುಗೆಯದು. ಕೆಳಗಿನ ಅರ್ಧ ತುಂಬಿದಾಗ ದಶಕ ಮೇಲಿನ ಅರ್ಧಕ್ಕೆ ದಾಟಬೇಕು. ಒಮ್ಮೆ ಅದು ದಾಟದೆ, ಕಣಜ ನೋಡಿಕೊಳ್ಳುವ ಪರದೇಶದವರು ಅವನ ಮೂರು ವರ್ಷದ ಕೆಲಸವನ್ನು ವಾಪಸು ಕಳಿಸಿದ್ದರು. ತಿದ್ದಿ ಕಳಿಸಲು ಇನ್ನೊಂದೇ ಅವಕಾಶ. ತಪ್ಪಿದರೆ ಬೇರೆ ಯಾರೋ ಬರೆದದ್ದನ್ನು ತೆಗೆದುಕೊಳ್ಳುತ್ತಾರಂತೆ.

ಅಷ್ಟು ದೊಡ್ಡ ಕೆಲಸದ ತುದಿಯಲ್ಲಿ ಏಳನೇ ಕ್ಲಾಸಿನ ನಾನು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮನೆ ಎಳೆದು, ಒಂದು ಹಾಳೆಗೆ ಮೂವತ್ತೆಂಟು ಮನೆಯಂತೆ ಎರಡು ಹಾಳೆಗಳನ್ನು ಮೈದಾ ಅಂಟಿನಲ್ಲಿ ಜೋಡಿಸುತ್ತಿದ್ದೆ. ಮನೆಗೊಂದು ಅಂಕಿ. ಬಲಗಡೆಯಿಂದ ಶುರುಮಾಡಿದರೆ ಎಡಗಡೆಗೆ ಬರುವಷ್ಟರಲ್ಲಿ ಕುಂಡೆಯ ಮೇಲೆ ತೆವಳಿಕೊಂಡು ಅಡುಗೆಮನೆ ಹೊಸಲಿಗೆ ಬಂದಿರುತ್ತಿದ್ದೆ. ಕೂಡುವುದು, ಕಳೆಯುವುದು, ಒಂದು ಗುಣಾಕಾರಕ್ಕಂತೂ ಒಂಬತ್ತು ದಿನ. ಹತ್ತೊಂಬತ್ತು ಲೆಕ್ಕ ತಾಳೆಯಾದವು. ಇಪ್ಪತ್ತನೆಯದು ತಾಳೆಯಾಗಲಿಲ್ಲ.

ಸುಮ್ಮನೆ ಕೂಡುವ ಲೆಕ್ಕ ಅದು. ಅವನು ನನ್ನ ಹಾಳೆಯ ಮೇಲೆ ಬಗ್ಗಿದ. ಬಲದಿಂದ ಮೂವತ್ತೊಂಬತ್ತನೆಯ ಮನೆಯಲ್ಲಿ ನನ್ನದು ಆರು, ಮಿಷನ್ನಿನದು ಏಳು. ಸರಿಯಾಗಿ ಬೆಸುಗೆಯ ಜಾಗ. ಉಳಿದ ಮನೆಗಳನ್ನೂ ಬೆರಳಿಟ್ಟು ನೋಡಿದ, ಅವೆಲ್ಲ ತಾಳೆಯಾದವು.

"ನಂದೇ ತಪ್ಪಿರ್ಬೇಕು ಕಣಪ್ಪ" ಎಂದೆ.

"ನಿಮ್ದು ತಪ್ಪಿರಲ್ಲ ಬುಡಿ. ಮಿಷನ್ದೇ ಇರ್ಬೇಕು. ನೋಡ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡ. ಕಾಫಿಯನ್ನೂ ಕುಡಿಯಲಿಲ್ಲ. ಅಂದೇ ಆ ಪರದೇಶದವರಿಗೆ, ಒಂದು ಅನುಮಾನವಿದೆ, ಸ್ವಲ್ಪ ತಡೆಯಿರಿ ಎಂದು ಬರೆದನಂತೆ. ಶುಕ್ರವಾರ ಸಂಜೆಯವರೆಗೆ ಕಾಯುತ್ತೇವೆ, ಆಮೇಲೆ ಇಲ್ಲ ಎಂದು ಅವರು ಉತ್ತರ ಕೊಟ್ಟರಂತೆ. ಇದನ್ನು ನನಗೆ ಫೋನಿನಲ್ಲಿ ಹೇಳಿದ್ದು ನಿಮ್ಮ ಅಪ್ಪ.

ಗುರುವಾರ ಮಧ್ಯಾಹ್ನ ಕಸ ಗುಡಿಸುವಾಗ ಮೂಲೆಯಲ್ಲಿದ್ದ ಆ ಹಾಳೆ ನೋಡಿದೆ. ಜಿರಲೆಗಳು ಮೈದಾ ಅಂಟನ್ನು ತಿಂದಿದ್ದರಿಂದ ಜೋಡಣೆ ಬಿಟ್ಟುಕೊಂಡಿತ್ತು. ಅಂಚು ಎತ್ತಿದೆ. ಅದರ ಅಡಿಯಲ್ಲಿ ಸಣ್ಣಗೆ, ನನ್ನದೇ ಅಕ್ಷರದಲ್ಲಿ, ಒಂದು.

ಆ ಭಾನುವಾರ ಅವನು ಬರುವಷ್ಟರಲ್ಲಿ ಮುಗಿಸುವ ಅವಸರದಲ್ಲಿ ನಾನು ಬಲಗಡೆಯ ಹಾಳೆಯನ್ನು ಮೊದಲು ಮಾಡಿ, ದಶಕವನ್ನು ಅದರ ಅಂಚಿನಲ್ಲಿ ಬರೆದಿಟ್ಟು, ಆಮೇಲೆ ಎಡಗಡೆಯ ಹಾಳೆ ಅಂಟಿಸಿದ್ದೆ. ದಶಕದ ಮೇಲೆಯೇ ಅಂಟಿಸಿದ್ದೆ. ಮಿಷನ್ನಿನ ಬೆಸುಗೆ ಗಟ್ಟಿಯಾಗಿತ್ತು. ದಾಟದೆ ಸಿಕ್ಕಿಹಾಕಿಕೊಂಡದ್ದು ನನ್ನ ಬೆಸುಗೆಯಲ್ಲಿ.

ಫೋನು ಮಾಡಿದೆ. ಸ್ವಿಚ್ ಆಫ್. ಲೆಕ್ಕ ಮಾಡುವಾಗ ಅದು ಬಡಿದುಕೊಂಡರೆ ಎಣಿಕೆ ತಪ್ಪುತ್ತದೆಂದು ಆಫ್ ಮಾಡಿಡುವ ಮನುಷ್ಯನಿಗೆ ಫೋನಾದರೂ ಏಕೆ ಬೇಕು? ಶುಕ್ರವಾರ ಬೆಳಿಗ್ಗೆ ಹಾಳೆಯನ್ನು ಸುರುಳಿ ಸುತ್ತಿ ಟವೆಲಿನಲ್ಲಿ ಕಟ್ಟಿಕೊಂಡು ಕಿಕ್ಕೇರಿಯಲ್ಲಿ ಬಸ್ಸು ಹತ್ತಿದೆ. ನಾನೊಬ್ಬಳೇ ಬಸ್ಸಿನಲ್ಲಿ ಅಷ್ಟು ದೂರ ಹೋದದ್ದು ಅದೇ ಮೊದಲು. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸುವಾಗ ಬೋರ್ಡನ್ನು ಮೂರು ಸಲ ಓದಿ, ಆಮೇಲೂ ಇಬ್ಬರನ್ನು ಕೇಳಿದೆ. ದಾರಿಯಲ್ಲಿ ಕಬ್ಬಿನ ಟ್ರಾಕ್ಟರುಗಳ ಸಾಲು. ಬಸ್ಸು ಅವುಗಳ ಹಿಂದೆ ಆಮೆಯಂತೆ ತೆವಳಿತು. ಇಷ್ಟು ಹೊತ್ತಿಗೆ ಅವನು ಚೆನ್ನಾಗಿದ್ದ ಪ್ರೋಗ್ರಾಮನ್ನು ಕೆಡವಿ ಹಾಕಿದ್ದರೆ? ಆಗುವುದಿಲ್ಲ ಎಂದು ಬರೆದುಬಿಟ್ಟಿದ್ದರೆ? ಬೇರೆಯವರ ಮೂರು ವರ್ಷವನ್ನು ಅಂಟು ಹಾಕಿ ಮುಚ್ಚಿದ ಕೈ ಇದು ಎಂದು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಪಾಂಡವಪುರದಲ್ಲಿ ಅವನ ಮನೆಯ ಬಾಗಿಲು ತೆರೆದೇ ಇತ್ತು. ಅವನು ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದ. ನಾನು ಕೂರಲೂ ಇಲ್ಲ, ಹಾಳೆ ಬಿಚ್ಚಿ ಆ ಒಂದನ್ನು ತೋರಿಸಿದೆ.

"ಗೊತ್ತಿತ್ತು ಅತ್ಗೆ" ಎಂದ.

"ಯಾವಾಗ?"

"ಭಾನ್ವಾರನೇ. ಮಿಷನ್ನು ಎಣ್ಸೋದು ಎರಡರಲ್ಲಿ. ಅದು ದಶಕ ಮರ್ತಿದ್ರೆ ಮೂವತ್ತು ನಲವತ್ತು ಅಂಕಿನೂ ಕೆಟ್ಟೋಗಿರವು. ಒಂದೇ ಒಂದು ಅಂಕಿ, ಅದೂ ಒಂದೇ ಒಂದು ಕಮ್ಮಿ ಅಂದ್ರೆ, ಹತ್ತರಲ್ಲಿ ಎಣ್ಸೋರು ಬುಟ್ಟಿರೋದು."

"ಮತ್ತೆ ಮಿಷನ್ದೇ ತಪ್ಪು ಅಂದ್ಯಲ್ಲ ನೀನು. ತಡೀರಿ ಅಂತ ಅವ್ರಿಗೂ ಬರ್ದೆ."

ಅವನು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ. ಒರೆಸಿದ್ದನ್ನೇ ಒರೆಸಿದ.

"ನಿಮ್ದೇ ತಪ್ಪು ಅಂತ ನಾನು ಯೋಳಿದ್ರೆ ಮತ್ತೆ ನೀವು ಪೆನ್ಸಿಲ್ ಮುಟ್ತಿದ್ರಾ? ಅಣ್ಣ ತೀರ್ಕೊಂಡ್ಮೇಲೆ ಒಂದು ವರ್ಷ ಯಾವ್ದಕ್ಕೂ ಕೈ ಹಾಕ್ಲಿಲ್ಲ ನೀವು. ನೀವೇ ಕಂಡ್ಕೊಳ್ಲಿ ಅಂತ ಕಾಯ್ತಿದ್ದೆ."

"ಇವತ್ತು ನಾನು ಇಲ್ಲಿಗೆ ಬರ್ದೇ ಇದ್ದಿದ್ರೆ?"

"ಓಯ್ತಿತ್ತು. ಆ ಕಣಜ ತುಂಬೋಕೆ ಇನ್ನೂ ನೂರು ಜನ ಅವ್ರೆ ಬುಡಿ."

ನೆಲದ ಮೇಲೆ ಹಾಳೆ ಹಾಸಿ, ಆ ಆರನ್ನು ಉಜ್ಜಿ ಏಳು ಮಾಡಿದೆ. ಅವನು ಪರದೆಯ ಮೇಲೆ ಬೆರಳಿಟ್ಟು, ನಾನು ಹಾಳೆಯ ಮೇಲೆ ಬೆರಳಿಟ್ಟು, ಎಪ್ಪತ್ತಾರು ಅಂಕಿಗಳನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿದೆವು. ಮುಗಿದ ಮೇಲೆ ಅವನು ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿ, ಕಳಿಸಲು ಯಾವ ಕೀಲಿ ಎಂದು ತೋರಿಸಿ, "ನೀವೇ ಒತ್ತಿ" ಎಂದ. ಒತ್ತಿದೆ.

ಅವರು ಅದನ್ನು ತೆಗೆದುಕೊಂಡರು, ಆದರೆ ಅದು ಆಮೇಲಿನ ಮಾತು. ಅಂದು ಮಧ್ಯಾಹ್ನ ಅವನು ನನ್ನನ್ನು ಕೂರಿಸಿ ತಾನೇ ಅನ್ನಕ್ಕಿಟ್ಟ. ಅನ್ನ ಸೀದುಹೋಯಿತು. ಇಬ್ಬರೂ ಚೆನ್ನಾಗಿದೆ ಎಂದುಕೊಂಡು ತಿಂದೆವು.