ಬಾಳೆಕಾಯಿ ಲಾರಿಗೆ ಹದಿನಾಲ್ಕು ಫೋನು

ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬಿ.ಪಿ. ನನಗಿರುವುದು ‘ಎಲ್ಲಿದ್ದೀರಾ’ ಎಂದು ಕೇಳುವ ಕಾಯಿಲೆ. ಮನೆಯಿಂದ ಹೊರಟ ಯಾರನ್ನೂ ನಾನು ನೆಮ್ಮದಿಯಾಗಿ ಹೋಗಲು ಬಿಟ್ಟವಳಲ್ಲ. ಗಂಡ ಪಕ್ಕದೂರು ಕೆಂಡಲ್ ಪಾರ್ಕಿನ ಅಂಗಡಿಗೆ ಕೊತ್ತಂಬರಿ ಸೊಪ್ಪು ತರಲು ಹೋದರೆ ಪಾರ್ಕಿಂಗ್‌ನಲ್ಲಿ ಒಂದು ಫೋನು, ಬಿಲ್ಲಿನ ಸಾಲಿನಲ್ಲಿ ಇನ್ನೊಂದು. “ಸೊಪ್ಪಿನ ಪಕ್ಕದಲ್ಲೇ ನಿಂತಿದೀನಿ, ಸಾಕಾ?” ಎಂದು ಅವರು ರೇಗುತ್ತಾರೆ. ಇದು ನಮ್ಮಪ್ಪನಿಂದ ಬಂದ ಬಳುವಳಿ. ಮೈಸೂರಿನಲ್ಲಿ ಮಧ್ಯಾಹ್ನದ ರೈಲಿಗೆ ಬೆಳಿಗ್ಗೆಯೇ ನಮ್ಮನ್ನೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಕೂರಿಸಿ, ಗಾಡಿ ಎಲ್ಲಿದೆಯೆಂದು ಗಳಿಗೆಗೊಮ್ಮೆ ಸ್ಟೇಷನ್ ಮಾಸ್ಟರನ್ನು ಕೇಳಿ ಬರುತ್ತಿದ್ದರು. ಆ ಮನುಷ್ಯ ಕೊನೆಗೆ ಬಾಗಿಲಿಗೆ ಚಿಲಕ ಹಾಕಿಕೊಂಡು ಕೂರುತ್ತಿದ್ದನಂತೆ.

ಇಂಥವಳಿಗೆ ದೇವರು ಕೊಟ್ಟ ಉದ್ಯೋಗ ನೋಡಿ. ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನ ನಮ್ಮ ಮನೆಯ ಊಟದ ಮೇಜಿನಲ್ಲಿ ಕುಳಿತು, ಆಫ್ರಿಕಾದ ದಕ್ಷಿಣದ ದೇಶಗಳ ನಡುವೆ ಹಣ್ಣು, ಕಾಳು ಹೊತ್ತು ಓಡುವ ಲಾರಿಗಳ ಮೇಲೆ ಕಣ್ಣಿಡುವುದು. ಪರದೆಯ ಮೇಲೆ ಪ್ರತಿ ಲಾರಿಯೂ ಒಂದು ನೀಲಿ ಚುಕ್ಕೆ. ಈ ಸಲದ ಚುಕ್ಕೆ ಮಾತ್ರ ನನ್ನ ಪ್ರಾಣ ಹಿಂಡಿತು. ಹೊಸ ಗಿರಾಕಿಯೊಬ್ಬರು ನಮ್ಮ ಕಂಪನಿಯನ್ನು ಪರೀಕ್ಷಿಸಲೆಂದು ಮೊಜಾಂಬಿಕ್ಕಿನ ತೋಟದಿಂದ ದಕ್ಷಿಣ ಆಫ್ರಿಕಾದ ಮಾರುಕಟ್ಟೆಗೆ ಒಂದು ಲೋಡ್ ಬಾಳೆಕಾಯಿ ಕಳಿಸಿದ್ದರು. ಅದು ಕಾಯಾಗಿಯೇ ತಲುಪಬೇಕು. ದಾರಿಯಲ್ಲೇ ಹಣ್ಣಾಯಿತೋ, ಕತೆ ಮುಗಿಯಿತು. “ಈ ಲೋಡ್ ಕೆಟ್ಟರೆ ಆಫ್ರಿಕಾ ಡೆಸ್ಕ್ ಮುಚ್ಚಬೇಕಾಗುತ್ತೆ” ಎಂದಿದ್ದರು ಮ್ಯಾನೇಜರ್. ಆಫ್ರಿಕಾ ಡೆಸ್ಕ್ ಎಂದರೆ ಬೇರೆ ಯಾರೂ ಅಲ್ಲ, ನಾನೊಬ್ಬಳೇ. ನನ್ನ ವೀಸಾ ಈ ಕೆಲಸಕ್ಕೆ ಜೋತುಬಿದ್ದಿದೆ, ಗಂಡ ಮತ್ತು ಮಗಳ ವೀಸಾ ನನಗೆ ಜೋತುಬಿದ್ದಿವೆ. ಹೀಗೆ ನಮ್ಮ ಇಡೀ ಸಂಸಾರ ಆ ಬಾಳೆಕಾಯಿಯ ಮೇಲೆ ಕುಳಿತು ಪ್ರಯಾಣ ಮಾಡುತ್ತಿತ್ತು.

ಗಡಿಯಲ್ಲಿ ಬೆಳೆ ತಪಾಸಣೆಯ ಅಧಿಕಾರಿ ಪೆಟ್ಟಿಗೆ ಬಿಚ್ಚಿ ನೋಡಿ, ಹುಳ ಇಲ್ಲವೆಂದು ಮುದ್ರೆ ಒತ್ತಬೇಕು. ಸಂಜೆ ನಾಲ್ಕಕ್ಕೆ ಅವರು ಮನೆಗೆ ಹೊರಡುತ್ತಾರೆ. ಅಲ್ಲಿಯ ನಾಲ್ಕು ಗಂಟೆ ನಮಗೆ ಬೆಳಗಿನ ಹತ್ತು. ನಾನು ಆರಕ್ಕೆ ಲ್ಯಾಪ್‌ಟಾಪ್ ತೆರೆದಾಗ ಲಾರಿ ಆರಾಮಾಗಿ ತಲುಪುವಷ್ಟು ಹೊತ್ತಿತ್ತು. ಆದರೂ ಜೀವ ತಡೆಯಲಿಲ್ಲ. ಡ್ರೈವರ್ ಜೋವಾಕಿಂಗೆ ಫೋನ್ ಮಾಡಿ, “ಎಲ್ಲಿದ್ದೀರಿ?” ಎಂದೆ. “ರಸ್ತೆಯಲ್ಲಿ, ಮೇಡಂ” ಎಂದರು. ಫೋನ್ ಇಟ್ಟು ನೋಡಿದರೆ ಚುಕ್ಕೆ ನಿಂತಿದೆ! ಇದೇನಪ್ಪಾ ಎಂದು ಗಾಬರಿಯಾಗಿ ಮತ್ತೆ ಫೋನ್ ಮಾಡಿದೆ. ಸ್ವಲ್ಪ ಓಡಿತು. ಓಡುತ್ತಿದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಫೋನು. ಮತ್ತೆ ನಿಂತಿತು. ಈ ಮನುಷ್ಯ ಮರದ ನೆರಳು ಕಂಡಲ್ಲೆಲ್ಲ ಕಾಲು ಚಾಚುತ್ತಿದ್ದಾನೆ ಎಂದು ನನ್ನ ಪಿತ್ತ ನೆತ್ತಿಗೇರಿತು.

ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿರುವ ನಮ್ಮತ್ತೆ ಹುರುಳಿಕಾಯಿ ಬಿಡಿಸುತ್ತಾ, “ಹೊರಟವರನ್ನ ಹಿಂದಿನಿಂದ ಕೂಗಿ ಎಲ್ಲಿಗೆ ಅಂತ ಕೇಳಬಾರದು ಕಣಮ್ಮ, ಹೋದ ಕೆಲಸ ಆಗಲ್ಲ” ಎಂದರು.

“ಅತ್ತೆ, ಹಾಗೆ ಕೇಳೋದಕ್ಕೇ ನಂಗೆ ಸಂಬಳ ಕೊಡೋದು” ಎಂದೆ.

“ಅಮ್ಮಾ, ಯು ಆರ್ ಸ್ಟ್ರೆಸ್ಸಿಂಗ್ ಮಿ ಔಟ್” ಎಂದು ಮಗಳು ಸ್ಕೂಲ್ ಬಸ್ಸಿಗೆ ಓಡಿದಳು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಲ್ಯಾಪ್‌ಟಾಪಿಗೆ ತಿರುಗಿ ತಿರುಗಿ ನನ್ನ ಕಾಫಿ ಆರಿಹೋಯಿತು. ಲಾರಿ ಗಡಿ ಮುಟ್ಟಿದಾಗ ಹತ್ತೂಕಾಲು. ಅಧಿಕಾರಿ ಮನೆಗೆ ಹೋಗಿಯಾಗಿತ್ತು. ಇನ್ನು ಮುದ್ರೆ ಬೀಳುವುದು ಮರುದಿನ ಬೆಳಿಗ್ಗೆಯೇ, ಅಲ್ಲಿಯವರೆಗೆ ಬಾಳೆಕಾಯಿ ಗಡಿಯಲ್ಲೇ ಕಾಯಬೇಕು.

ಇಂಥ ಹೊತ್ತಿಗೆಂದೇ ನಮ್ಮಲ್ಲಿ ಒಂದು ಫಾರಂ ಇದೆ. ‘ತಡವಾಗಲು ಕಾರಣ’ ಎಂಬಲ್ಲಿ ಮಳೆ, ರಸ್ತೆ, ರಿಪೇರಿ, ಡ್ರೈವರ್, ಇತರೆ ಎಂದು ಐದು ಆಯ್ಕೆ. ನನ್ನ ಬೆರಳು ನೇರವಾಗಿ ಡ್ರೈವರ್ ಮೇಲೆ ಹೋಗಿ ನಿಂತಿತು. ಅದನ್ನು ಒತ್ತಿದರೆ ಅವರಿಗೆ ಮುಂದಿನ ಲೋಡ್ ಸಿಗುವುದಿಲ್ಲ. ಒಂದು ಮಾತು ಕೇಳಿಬಿಡೋಣ ಎಂದು ಫೋನ್ ಮಾಡಿದೆ. “ಅಷ್ಟು ಸಲ ಯಾಕೆ ನಿಲ್ಲಿಸಿದಿರಿ?”

“ಓಡಿಸುವಾಗ ಫೋನ್ ತೆಗೆಯುವ ಹಾಗಿಲ್ಲ, ಮೇಡಂ. ಕಂಪನಿ ರೂಲ್ಸು. ಆಫೀಸಿನ ಫೋನ್ ತೆಗೆಯದೇ ಇರುವ ಹಾಗೂ ಇಲ್ಲ. ಇಷ್ಟುದ್ದದ ಲಾರಿಗೆ ಜಾಗ ಹುಡುಕಿ ನಿಲ್ಲಿಸಬೇಕು, ಮತ್ತೆ ರಸ್ತೆಗೆ ಹತ್ತಿಸಬೇಕು. ಹದಿನಾಲ್ಕು ಸಲ ನಿಲ್ಲಿಸಿದೆ.”

“ಮೊದಲೇ ಹೇಳಬಾರದಿತ್ತಾ?”

“ನೀವು ಕೇಳಿದ್ದು ಎಲ್ಲಿದ್ದೀರಿ ಅಂತ ಮಾತ್ರ.”

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ‘ಇತರೆ’ ಒತ್ತಿ, ‘ಡ್ರೈವರ್ ತಪ್ಪಿಲ್ಲ, ನಾನು ಹದಿನಾಲ್ಕು ಸಲ ಫೋನ್ ಮಾಡಿದೆ’ ಎಂದು ಬರೆದು ಕಳಿಸಿಬಿಟ್ಟೆ. ಮ್ಯಾನೇಜರ್ ಹೇಳಿದ್ದು ಒಂದೇ ಮಾತು: “ನಾಳೆ ಫೋನ್ ಮುಟ್ಟಬೇಡಿ.”

ಮರುದಿನ ಫೋನನ್ನು ಅತ್ತೆಯ ಕೈಗೊಪ್ಪಿಸಿದೆ. ಫ್ರಿಜ್ ಒರೆಸಿದೆ, ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ, ಮನೆಯ ಸುತ್ತ ಪ್ರದಕ್ಷಿಣೆ ಹಾಕಿದೆ. ಊಟದ ಹೊತ್ತಿಗೆ ಮ್ಯಾನೇಜರ್ ಇಮೇಲ್ ಬಂತು: ಗಿರಾಕಿಗೆ ಖುಷಿಯಾಗಿದೆ, ಡೆಸ್ಕ್ ಉಳಿಯಿತು. ಹಿಂದೆಯೇ ಅತ್ತೆ ಫೋನ್ ಹಿಡಿದು ಬಂದರು. ಜೋವಾಕಿಂ ಮೆಸೇಜ್ ಹಾಕಿದ್ದರು: ‘ತಲುಪಿದೆ ಮೇಡಂ. ಕಾಯಿ ಹಸಿರಾಗಿಯೇ ಇದೆ. ತುಂಬಾ ಸುಸ್ತಾಗಿದೆ, ಮಲಗುತ್ತೇನೆ.’

ನನಗೆ ಕಣ್ಣು ತುಂಬಿ ಬಂತು. ಇಂಥ ಪುಣ್ಯಾತ್ಮನಿಗೆ ಬಾಯ್ತುಂಬ ಒಂದು ಥ್ಯಾಂಕ್ಸ್ ಹೇಳದಿದ್ದರೆ ಹೇಗೆ ಎನ್ನಿಸಿ, ಅತ್ತೆಯ ಕೈಯಿಂದ ಕಿತ್ತುಕೊಂಡು ತಕ್ಷಣವೇ ಫೋನ್ ಮಾಡಿದೆ.